ಎಡಗೈ ಹೆಬ್ಬೆರಳು

೧೪ ಮಾರ್ಚ್ ೧೯೭೯, ಬುಧವಾರ

ಎಡಗೈ ಹೆಬ್ಬೆರಳು ಇನ್ನೂ ಚುರುಗುಟ್ಟುತ್ತಿದೆ. ಗುಟ್ಟು ಯಾರಿಗೂ ಹೇಳಿಲ್ಲ, ಇಲ್ಲಾದರೂ ಬರೆದುಬಿಡುತ್ತೇನೆ.

ಎಂಟು ತಿಂಗಳು ಅಡುಗೆಮನೆಯ ಮೇಜಿನ ಮೇಲೆ ಬೆಸುಗೆ ಹಾಕಿ ಹಾಕಿ ಕಟ್ಟಿದ ನನ್ನ ಕಂಪ್ಯೂಟರ್ ಇವತ್ತು ಆಫೀಸಿಗೆ ಹೋಯಿತು. ಅದಕ್ಕೆ ಪರದೆ ಅಂದರೆ ಅತ್ತೆಯ ಟಿವಿಯೇ. ಅದನ್ನೂ ಕಂಬಳಿಯಲ್ಲಿ ಸುತ್ತಿ ಒಯ್ದೆ.

ದೊಡ್ಡ ಇಂಜಿನಿಯರ್ ಮುಖ ಸಿಂಡರಿಸಿದರು. "ಏನಮ್ಮಾ, ಮನೇಲಿ ಮಾಡಿದ್ದನ್ನ ನಂಬಿ ಸೇತುವೆ ಕಟ್ಟೋಕಾಗತ್ತಾ?" ಮೂರು ದಿನ ಕೂತು ತಾವೇ ಕೈಯಲ್ಲಿ ಮಾಡಿದ್ದ ಇಪ್ಪತ್ತೆರಡು ತೊಲೆಗಳ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟರು.

ಆರನೇ ತೊಲೆಗೆ ಪರದೆ ನಡುಗಿತು. ಯಾವುದೋ ಬೆಸುಗೆ ಸಡಿಲವಾಗಿತ್ತು. ಮೆಲ್ಲಗೆ ಪೆಟ್ಟಿಗೆಯೊಳಗೆ ಕೈ ತೂರಿಸಿ ಆ ಬಿಸಿ ಬೋರ್ಡನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಕೊನೆಯ ತೊಲೆ ಮುಗಿಯುವವರೆಗೂ ಬಿಡಲಿಲ್ಲ.

ಉತ್ತರಗಳೆಲ್ಲ ತಾಳೆಯಾದವು! ಅವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ನಾಳೆ ಹೊಸ ಸೇತುವೆದೂ ಇದರಲ್ಲೇ ಮಾಡೋಣ. ಅದ್ಸರಿ, ಕೈ ಯಾಕೆ ಒಳಗೇ ಇಟ್ಕೊಂಡಿದ್ದೆ?"

"ಅಭ್ಯಾಸ ಸಾರ್" ಎಂದೆ.

ಸಂಜೆ ಪೆಟ್ಟಿಗೆ, ಟಿವಿ ಎರಡನ್ನೂ ಹೊತ್ತು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ನನ್ನ ಟಿವೀಲಿ ಇವತ್ತು ಏನು ತೋರಿಸಿದ್ರು?"

"ಸೇತುವೆ, ಅತ್ತೆ."

"ಬಿತ್ತಾ?"

"ಇಲ್ಲ."

"ಹಾಗಾದ್ರೆ ನಾಳೆನೂ ತಗೊಂಡ್ಹೋಗು." ನನ್ನ ಕೈ ಎಳೆದು ನೋಡಿ, ಕೆಂಪಾದ ಬೆರಳಿಗೆ ಬೆಣ್ಣೆ ಸವರಿದರು. "ಬೆರಳನ್ನ ಮಾತ್ರ ಹೊರಗಿಟ್ಕೊ."

ಬೆಸುಗೆಕಡ್ಡಿ ಕಾದಿದೆ. ಮಲಗುವ ಮುಂಚೆ ಆ ಒಂದು ಸಡಿಲ ಬೆಸುಗೆಯನ್ನು ಗಟ್ಟಿ ಮಾಡಿಬಿಡಬೇಕು.