ಹಾಕದ ಚುಚ್ಚುಮದ್ದು

ಕಂಪ್ಲಿ
9 ಮಾರ್ಚ್ 2025, ಭಾನುವಾರ, ಮಧ್ಯಾಹ್ನ ಎರಡು ಗಂಟೆ

ಶ್ರೀಪತಿಯವರೆ,

ಕ್ಷೇಮ ಕೇಳುವ ಸಾಲನ್ನು ಬಿಟ್ಟಿದ್ದೇನೆ. ನಿನ್ನೆ ರಾತ್ರಿಯಿಂದ ನೀವು ಫೋನ್ ಎತ್ತುತ್ತಿಲ್ಲ. ನಮ್ಮ ಆಸ್ಪತ್ರೆಯ ಫಾರ್ಮಸಿಸ್ಟ್ ಹುಲುಗೇಶ್ ಸಂಜೆ ಹೊಸಪೇಟೆಗೆ ಬರುತ್ತಾರೆ. ಇದನ್ನು ನಿಮ್ಮ ಕೈಗೇ ಕೊಡಲು ಹೇಳಿದ್ದೇನೆ.

ನಮ್ಮ ಮಗಳ ಬೆಂಚಿನ ಹುಡುಗನಿಗೆ ದಡಾರ ಎಂದು ಶಾಲೆಯ ಗ್ರೂಪಿನಲ್ಲಿ ನಿನ್ನೆ ಬಂತು. ಮದುವೆಗೆಂದು ಒಂದು ವಾರ ಊರಿಗೆ ಹೋಗಿದ್ದ ಆ ಹುಡುಗ ತರಗತಿಗೆ ಮರಳಿದ್ದು ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ. ನಾಳೆ ಒಂಬತ್ತೂವರೆಗೆ ಎಪ್ಪತ್ತೆರಡು ಗಂಟೆ ಮುಗಿಯುತ್ತದೆ. ಅಷ್ಟರೊಳಗೆ ಲಸಿಕೆ ಬಿದ್ದರೆ ಶ್ರೀಲಕ್ಷ್ಮಿಗೆ ರೋಗ ತಪ್ಪಬಹುದು, ಇಲ್ಲವೇ ಹಗುರಾಗಬಹುದು. ಆಮೇಲೆ ಕಾಯುವುದಷ್ಟೇ.

ಇದನ್ನು ತಿಳಿಸಿದ್ದಕ್ಕೆ ನಿಮ್ಮ ಧ್ವನಿಸಂದೇಶ: “ಬಂದು ಹೋಗ್ಲಿ ಬಿಡು. ಒಮ್ಮೆ ಮೈಮ್ಯಾಲೆ ಬಂದ್ರ ಜೀವಮಾನ ಪೂರ್ತಿ ಶಕ್ತಿ ಇರ್ತದ.” ಹೇಳಿದ್ದು ನೀವೇ ಹೌದೋ ಎಂದು ಮೂರು ಸಲ ಕೇಳಿಸಿಕೊಂಡೆ. ಪಿಯುಸಿ ಮಕ್ಕಳಿಗೆ ಹದಿನೆಂಟು ವರ್ಷದಿಂದ ಜೀವಶಾಸ್ತ್ರ ಹೇಳುವ ಉಪನ್ಯಾಸಕರು! ದಡಾರ ಬಂದು ಹೋಗುವಾಗ ಏನು ಮಾಡುತ್ತದೆ ಎಂದು ನಿಮಗೆ ನಾನು ಹೇಳಬೇಕೆ? ಹಳೆಯ ರೋಗಗಳನ್ನು ನೆನಪಿಟ್ಟುಕೊಂಡ ಜೀವಕೋಶಗಳನ್ನೇ ಅದು ಕೊಲ್ಲುತ್ತದೆ. ದಡಾರದ ವಿರುದ್ಧ ಶಕ್ತಿ ಬರುವುದು ನಿಜ. ಅದರ ಬದಲಿಗೆ ಮೈ ಅದುವರೆಗೆ ಕಲಿತದ್ದರಲ್ಲಿ ಎಷ್ಟೋ ಅಳಿಸಿಹೋಗುತ್ತದೆ. ಅದೂ ಮಗು ಬದುಕಿ ಉಳಿದರೆ.

ನಿಮ್ಮ ನೋಟ್ಸ್ ನಾನು ಓದಿದ್ದೇನೆ. ಒಂದು ತಪ್ಪೂ ಇಲ್ಲ. ನಾಯಿಕೆಮ್ಮಿನ ಲಸಿಕೆಯಲ್ಲಿ ಸತ್ತ ರೋಗಾಣು. ಧನುರ್ವಾಯುವಿನದರಲ್ಲಿ ರೋಗಾಣುವೇ ಇಲ್ಲ, ಕೆಡುಕು ಮಾಡುವ ಗುಣ ತೆಗೆದ ಅದರ ವಿಷ ಮಾತ್ರ. ಇವುಗಳಿಂದ ಮೈ ನಿಧಾನವಾಗಿ ಕಲಿಯುತ್ತದೆ, ಅದಕ್ಕೇ ಮತ್ತೆ ಮತ್ತೆ ಚುಚ್ಚುವುದು. ದಡಾರದ್ದರಲ್ಲಿ ಜೀವವಿರುವ, ಬಲ ಕುಂದಿಸಿದ ವೈರಸ್. ಅದು ಮೈಯೊಳಗೆ ಸ್ವಲ್ಪ ಬೆಳೆಯುತ್ತದೆ, ಮೈ ಅದರೊಡನೆ ನಿಜವಾಗಿ ಹೋರಾಡಿ ಪಾಠ ಕಲಿಯುತ್ತದೆ. ಇಷ್ಟೆಲ್ಲ ಅಚ್ಚುಕಟ್ಟಾಗಿ ಬರೆಸುತ್ತೀರಿ, ಐದು ಅಂಕಕ್ಕೆ.

ಮನೆಯಲ್ಲಿ ನಡೆದದ್ದು ಬೇರೆ. ಮೂರೂವರೆ ತಿಂಗಳಿನ ಚುಚ್ಚುಮದ್ದಿಗೆ ಕೂಸಿಗೆ ಒಂದು ದಿನ ಜ್ವರ ಬಂತು. ಮೈ ಕೆಲಸ ಮಾಡುತ್ತಿರುವುದರ ಗುರುತು ಅದು. ನಿಮ್ಮ ತಾಯಿ ಇಂದಿರಾಬಾಯಿಯವರು ನಡುಮನೆಯಲ್ಲಿ ನಿಂತು, “ಚೊಕ್ಕ ಇದ್ದ ಕೂಸಿಗೆ ಚುಚ್ಚಿ ಚುಚ್ಚಿ ಜ್ವರ ತರ್ಸ್ತೀಯಲ್ಲ, ತಾಯೇನ ನೀನು? ಇನ್ನ ಒಂದು ಸೂಜಿ ಈ ಕೂಸಿನ ಮೈಗೆ ತಾಗಬಾರ್ದು ನೋಡು” ಎಂದರು. ನೀವು ಪೇಪರ್ ಮಡಚಿ ಎದ್ದು ಹೋದಿರಿ. ಅದೇ ಬೇಸಿಗೆಯಲ್ಲಿ ಕೊರೊನಾ ಲಸಿಕೆಯ ಕ್ಯೂನಲ್ಲಿ ಬೆಳಿಗ್ಗೆ ಆರಕ್ಕೆ ನೀವೂ ಅವರೂ ನಿಂತಿದ್ದಿರಿ. ಕೆಡುಕು ಮಾಡದ ಬೇರೊಂದು ವೈರಸ್ಸಿನ ಮೇಲೆ ಕೊರೊನಾದ ಒಂದು ತುಂಡಿನ ಮಾಹಿತಿ ಹೊರಿಸಿ ಮೈಗೆ ಬಿಡುವ ಲಸಿಕೆ ಅದು ಎಂದು ಕ್ಯೂನಲ್ಲಿದ್ದವರಿಗೆಲ್ಲ ವಿವರಿಸಿದಿರಂತೆ. ನಿಮಗೆ ಜ್ವರ ಬಂದಾಗ ತಾಯಿ ಗಂಜಿ ಮಾಡಿಕೊಟ್ಟರು. ಲಸಿಕೆಯನ್ನು ಯಾರೂ ಬೈಯಲಿಲ್ಲ.

ಕೂಸಿಗೆ ಒಂಬತ್ತು ತಿಂಗಳಾದಾಗ ಲಸಿಕೆಯ ಕಾರ್ಡ್ ಹಿಡಿದು ಬಂದಿರಿ. “ಅಮ್ಮಗ ಎದುರಾಡೋದು ಬ್ಯಾಡ. ಕಾರ್ಡಿನ್ಯಾಗ ನೀನೇ ಒಂದು ಟಿಕ್ ಹಾಕಿಬಿಡು, ಮುಗೀತು. ಊರಿನ ಮಕ್ಕಳಿಗೆಲ್ಲಾ ಹಾಕೀರಲ್ಲ, ಇದೊಂದಕ್ಕ ಎಲ್ಲಿಂದ ಬರ್ತದ ರೋಗ?” ಅಂದಿರಿ. ಕಂಪ್ಲಿಗೆ ವರ್ಗವಾಗುವ ಮೊದಲು ನಾನು ಕೆಲಸಕ್ಕಿದ್ದ ಮರಿಯಮ್ಮನಹಳ್ಳಿಯಲ್ಲಿ ಆ ದಿನ ಇಪ್ಪತ್ತಮೂರು ಮಕ್ಕಳಿಗೆ ದಡಾರದ ಲಸಿಕೆ ಹಾಕಿ ಬಂದಿದ್ದೆ. ಊಟದ ಮೇಜಿನ ಮೇಲೆ ಇಪ್ಪತ್ತನಾಲ್ಕನೆಯ ಟಿಕ್ ಹಾಕಿದೆ, ಸಹಿಯನ್ನೂ ಮಾಡಿದೆ. ಎರಡನೆಯ ಡೋಸಿನ ಸುಳ್ಳು ಟಿಕ್ಕನ್ನು ನೀವು ಕೇಳುವ ಮೊದಲೇ ಹಾಕಿದೆ. ನಿಮ್ಮನ್ನು ಹೇಡಿ ಎಂದು ಬರೆಯಲು ಕುಳಿತಾಗ ಇದು ಅಡ್ಡ ಬರುತ್ತಿದೆ. ಆದರೂ ಬರೆಯುತ್ತೇನೆ: ನೀವು ಹೇಡಿ. ನನ್ನನ್ನು ಕರೆಯಲು ಬೇರೆ ಪದ ಹುಡುಕಬೇಕು, ಏಕೆಂದರೆ ಲಸಿಕೆಯ ಪೆಟ್ಟಿಗೆ ನನ್ನ ಹೆಗಲಲ್ಲೇ ಇತ್ತು.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಎಂಟಕ್ಕೆ ನಿಮ್ಮ ಬಾಗಿಲಲ್ಲಿರುತ್ತೇನೆ. ಮಗುವಿಗೆ ತಿಂಡಿ ತಿನ್ನಿಸಿ, ತೋಳಿಲ್ಲದ ಅಂಗಿ ಹಾಕಿರಿ. ಅಲ್ಲಿಯ ಆಸ್ಪತ್ರೆಯ ಸಿಸ್ಟರ್‌ಗೆ ಹೇಳಿಟ್ಟಿದ್ದೇನೆ. ಒಪ್ಪಿಗೆ ಕೇಳುತ್ತಿಲ್ಲ. ನಿಮ್ಮ ತಾಯಿ ಬಾಗಿಲಿಗೆ ಅಡ್ಡ ನಿಂತರೆ ಅವರನ್ನು ಸರಿಸುವ ಕೆಲಸ ನಿಮ್ಮದು. ಮದುವೆಯಾದ ಹದಿಮೂರು ವರ್ಷದಲ್ಲಿ ನಾನು ನಿಮಗೆ ಒಪ್ಪಿಸುವ ಮೊದಲ ಕೆಲಸ ಇದು.

ವಂದನಾ

ತಾ.ಕ.: ಹೋದ ಗುರುವಾರ ಇಲ್ಲಿ ಗದ್ದೆ ಕೆಲಸದ ಹೊಳೆಮ್ಮ ಎಂಬವಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಸಿಸ್ಟರಮ್ಮ, ನಿಮ್ ಮಗಳಿಗೆ ಇದನ್ನ ಹಾಕ್ಸೀರೇನ್ರಿ? ಸುಳ್ಳು ಹೇಳ್ಬ್ಯಾಡ್ರಿ, ಹಾಕ್ಸೀನಿ ಅಂದ್ರ ಹಾಕ್ರಿ” ಎಂದಳು. “ಹಾಕ್ಸೀನಿ” ಎಂದೆ. ಅವಳು ತಕ್ಷಣ ಕೂಸಿನ ಬಲತೋಳು ಚಾಚಿದಳು. ಮಂಗಳವಾರ ನಮ್ಮ ಡಾಕ್ಟರಿಗೆ ಎರಡು ಸುಳ್ಳು ಸಹಿಗಳ ವಿಷಯ ಬರೆದು ಕೊಡುವುದೆಂದು ತೀರ್ಮಾನಿಸಿದ್ದೇನೆ. ಆಮೇಲೆ ನಾನು ಸಹಿ ಮಾಡಿದ ಕಾರ್ಡುಗಳನ್ನೆಲ್ಲ ಮನೆಮನೆಗೆ ಹೋಗಿ ಪರೀಕ್ಷಿಸುತ್ತಾರೆ. ನೌಕರಿ ಉಳಿಯಲಿಕ್ಕಿಲ್ಲ. ಆದರೆ ಅದಕ್ಕೆ ಮೊದಲು, ಬೇರೆಯವರ ಬಾಯಿಂದ ಗೊತ್ತಾಗುವ ಮುಂಚೆ, ಹೊಳೆಮ್ಮನ ಗುಡಿಸಲಿಗೆ ಹೋಗಿ ನಾನೇ ಹೇಳಬೇಕು. ಹೇಗೆ ಶುರು ಮಾಡಬೇಕೆಂದು ಇನ್ನೂ ಗೊತ್ತಾಗಿಲ್ಲ.