ಮನೆಗೊಂದೇ ಬೆಂಡಿನ ಜಾಕೆಟ್

ಜೀವರಕ್ಷಕ ದೋಣಿಗಳ ಮುಖ್ಯ ನಿರೀಕ್ಷಕರೇ,

ಚಳಿಗಾಲಕ್ಕೆ ಮುಂಚೆ ನಮ್ಮೂರು ಕ್ರೇಗ್‌ವಿಕ್‌ನಿಂದ ಜೀವರಕ್ಷಕ ದೋಣಿಯನ್ನು ಒಯ್ಯುತ್ತೀರಂತೆ. ಹುಟ್ಟು ಹಾಕಲು ಸಾಕಷ್ಟು ಸ್ವಯಂಸೇವಕರಿಲ್ಲ, ದೊಡ್ಡ ಬಂದರಿನ ಯಂತ್ರದ ದೋಣಿ ಕರೆದಾಗ ಬರುತ್ತದೆ ಎಂದು ದೋಣಿಮನೆಯ ಬಾಗಿಲಿಗೆ ಆದೇಶ ಅಂಟಿಸಿದ್ದೀರಿ. ಬರುತ್ತದೆ, ನಿಜ. ಆದರೆ ಈಶಾನ್ಯದ ಗಾಳಿ ಎದ್ದರೆ ಆ ಬಂದರಿನ ಬಾಯಿಂದ ಯಾವ ದೋಣಿಯೂ ಹೊರಡಲಾಗದು. ನಮ್ಮವರು ಮುಳುಗುವುದು ಅದೇ ಗಾಳಿಯಲ್ಲಿ. ಇನ್ನು ಮೇಲೆ ದಕ್ಷಿಣದ ಗಾಳಿ ನೋಡಿಕೊಂಡು ಮುಳುಗಿ ಎಂದು ಊರವರಿಗೆ ಹೇಳಲೇ?

ನೀವು ಎಡಿನ್‌ಬರೋದಿಂದ ತಪಾಸಣೆಗೆ ಬಂದ ದಿನ ನಾನು ಅಲ್ಲೇ ಇದ್ದೆ. ಊರ ಶಾಲೆ ಮುಗಿಸಿ ಹೆರಿಂಗ್ ಮೀನು ಸೀಳುವ ಕೆಲಸಕ್ಕೆ ಸೇರಿದವಳು. ನಿಮ್ಮ ಸಮವಸ್ತ್ರದ ಹಿತ್ತಾಳೆ ಗುಂಡಿಗಳನ್ನು ನೋಡಿ ಹೆಂಗಸರ ಹಿಂದೆ ಸರಿದು ನಿಂತೆ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಅಂದು ಸಮುದ್ರ ತಟ್ಟೆಯಲ್ಲಿಟ್ಟ ನೀರಿನಂತೆ ಸುಮ್ಮನಿತ್ತು. ಹೆಂಗಸರೆಲ್ಲ ಹಗ್ಗ ಹಿಡಿದು ದೋಣಿಯನ್ನು ನೀರಿಗೆಳೆದೆವು. ಗಂಡಸರ ಬೂಟು ಒದ್ದೆಯಾಗದಂತೆ ಅವರನ್ನು ಬೆನ್ನ ಮೇಲೆ ಹೊತ್ತು ದೋಣಿ ಮುಟ್ಟಿಸುವುದೂ ನಮ್ಮದೇ ಕೆಲಸ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ನೆರೆಮನೆಯ ಐಸೊಬೆಲ್ ಅಕ್ಕ ನನ್ನಪ್ಪನನ್ನು ಹೊತ್ತಿದ್ದಳು.

"ಏನ್ ಮ್ಯಾಗ್ನಸಣ್ಣ, ಬರ್ತಾ ಬರ್ತಾ ಭಾರ ಆಗ್ತಿದ್ದೀಯಲ್ಲ! ಮುಂದಿನ ಸಲ ನಾನು ಹುಟ್ಟು ಹಾಕ್ತೀನಿ, ನೀನು ನನ್ನ ಹೊರು."

ಅಪ್ಪ ಕೂತ ಮೇಲೂ ಒಂದು ಹುಟ್ಟು ಉಳಿಯಿತು. ದಡದಲ್ಲಿದ್ದ ನನ್ನಣ್ಣ ಲೌರಿಯನ್ನು ತೋರಿಸಿ ನೀವು, "ಅಲ್ಲೊಬ್ಬ ಗಟ್ಟಿಮುಟ್ಟಾದವನು ನಿಂತಿದ್ದಾನಲ್ಲ, ಅವನಿಗೆ ಜಾಕೆಟ್ ಕೊಡಿ" ಎಂದಿರಿ.

ನೀರಲ್ಲಿ ತೇಲಿಸುವ ಆ ಬೆಂಡಿನ ಜಾಕೆಟ್ ಹಿಡಿದು ದೋಣಿಮನೆಯ ಬಾಗಿಲಲ್ಲಿ ನಿಂತಿದ್ದವಳು ನನ್ನಜ್ಜಿ ಎಲ್ಸ್‌ಪೆತ್. "ಆಗಲ್ಲ ಸಾಹೇಬ್ರೆ. ಅವನಪ್ಪ ಆಗ್ಲೇ ದೋಣೀಲಿ ಕೂತಿದಾನೆ."

"ಇದು ಬರೀ ಅಭ್ಯಾಸ, ಅಜ್ಜಿ. ಅಲೆಯೇ ಇಲ್ಲ ನೋಡಿ."

"ಅಭ್ಯಾಸ ಅಂತ ಸಮುದ್ರಕ್ಕೆ ಯಾರ್ ಹೇಳ್ತಾರೆ? ನೀವ್ ಹೇಳ್ತೀರಾ?"

ಊರೆಲ್ಲ ನಕ್ಕಿತು. ನೀವು ನಗದೆ ಏನೋ ಬರೆದುಕೊಂಡಿರಿ.

ಅವಳೇಕೆ ಕೊಡಲಿಲ್ಲ ಎಂದು ಅಲ್ಲಿದ್ದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಈ ದೋಣಿಮನೆ ಕಟ್ಟಿದ ಹೊಸತರಲ್ಲಿ ಅಪಾಯದ ಗಂಟೆ ಹೊಡೆದರೆ ಮೊದಲು ಓಡಿಬಂದವರಿಗೆ ಜಾಕೆಟ್ ಸಿಗುತ್ತಿತ್ತು. ನಮ್ಮ ಮನೆ ಪಕ್ಕದಲ್ಲೇ. ಹಾಗಾಗಿ ಅಜ್ಜ ಮತ್ತು ಇಬ್ಬರು ದೊಡ್ಡಪ್ಪಂದಿರು ಯಾವಾಗಲೂ ಮೊದಲು. ಬಂಡೆಗೆ ಬಡಿದ ನಾರ್ವೆಯ ಹಡಗಿನವರನ್ನು ತರಲು ಹೋದಾಗ ದೋಣಿ ಮಗುಚಿತು. ಮೂವರೂ ಒಟ್ಟಿಗೆ ಹೋದರು. ಜ್ವರ ಬಂದು ಮಲಗಿದ್ದ ಕಿರಿಯವನು ಉಳಿದ, ಅವನೇ ನನ್ನಪ್ಪ. ಮತ್ತೊಮ್ಮೆ ಗಂಟೆ ಹೊಡೆದಾಗ ಅಜ್ಜಿ ಎಲ್ಲರಿಗಿಂತ ಮುಂಚೆ ಓಡಿ, ಜಾಕೆಟ್‌ಗಳನ್ನೆಲ್ಲ ಬಾಚಿಕೊಂಡು ಬಾಗಿಲಲ್ಲಿ ನಿಂತಳಂತೆ. ಮನೆಗೊಂದೇ ಎಂದಳಂತೆ. ಯಾರೂ ಎದುರಾಡಲಿಲ್ಲ. ಜಾಕೆಟ್ ಇಲ್ಲದೆ ದೋಣಿ ಹತ್ತಬಾರದೆಂಬುದು ನಿಮ್ಮದೇ ನಿಯಮ. ಅವಳು ಅದನ್ನು ಹಿಡಿದುಕೊಂಡಳು, ಅಷ್ಟೆ. ಆಮೇಲೆ ಸಮುದ್ರ ಇಲ್ಲಿಯ ಯಾವ ಮನೆಯನ್ನೂ ಒಂದೇ ಏಟಿಗೆ ಬರಿದು ಮಾಡಿಲ್ಲ. ಬರಿದು ಮಾಡಿದ್ದು ಯುದ್ಧ. ಆ ಕರೆ ಬಂದಾಗ ಬಾಗಿಲಲ್ಲಿ ಅಜ್ಜಿ ಇರಲಿಲ್ಲ.

ಈಗ ದೋಣಿ ಒಯ್ದರೆ ನಮ್ಮವರು ಒಲೆಯ ಮುಂದೆ ಕೂತಿರುತ್ತಾರೆಯೇ? ಬಂಡೆಯ ಕಡೆಯಿಂದ ಕೂಗು ಕೇಳಿದರೆ ಮೀನಿನ ದೋಣಿಯನ್ನೇ ನೀರಿಗೆ ನೂಕುತ್ತಾರೆ. ಅದಕ್ಕೆ ಜಾಕೆಟ್ ಇಲ್ಲ, ಬಾಗಿಲಿಲ್ಲ, ಬಾಗಿಲಲ್ಲಿ ನಿಲ್ಲುವವರೂ ಇಲ್ಲ. "ಅಪ್ಪ ಹೊರಟ್ರೆ ನೀನು ನಿಲ್ತೀಯ ತಾನೇ?" ಎಂದು ಅಣ್ಣನನ್ನು ಕೇಳಿದೆ. ಬಲೆ ಹೆಣೆಯುತ್ತಿದ್ದವನು ತಲೆಯೆತ್ತಿ ನಕ್ಕ. "ಇನ್ನು ನನ್ನ ತಡೆಯೋರ್ ಯಾರೇ?" ಅವನಿಗೆ ಖುಷಿ. ಆ ಖುಷಿ ನೋಡಿದಂದಿನಿಂದ ನನಗೆ ಅನ್ನನೀರು ಸೇರುತ್ತಿಲ್ಲ.

ಆದ್ದರಿಂದ ದೋಣಿ ಇಲ್ಲೇ ಇರಲಿ. ಗಂಡಸರಿಲ್ಲದ ಮನೆಗಳಿಗೂ ಒಂದೊಂದು ಜಾಕೆಟ್ ಸಲ್ಲಬೇಕು. ಖಾಲಿ ಹುಟ್ಟಿಗೆ ಐಸೊಬೆಲ್ ಅಕ್ಕ ಬರುತ್ತಾಳೆ. ಅವಳು ಅಂದು ಆಡಿದ್ದು ತಮಾಷೆಗಲ್ಲ. ಅಜ್ಜಿ ಒಪ್ಪಿದ್ದಾಳೆ. ಉಳಿದಿರುವುದು ನಿಮ್ಮ ಒಪ್ಪಿಗೆಯೊಂದೇ. ಅದು ಈಶಾನ್ಯದ ಗಾಳಿಗಿಂತ ಮುಂಚೆ ಬರಲಿ. ತಡವಾದರೆ ಅಪ್ಪನನ್ನೂ ಅಣ್ಣನನ್ನೂ ಬೂಟು ಒದ್ದೆಯಾಗದಂತೆ ಬೆನ್ನ ಮೇಲೆ ಹೊತ್ತು, ಒಂದೇ ದೋಣಿಗೆ ಮುಟ್ಟಿಸಬೇಕಾದವಳು ನಾನು.

ಇಂತಿ,
ಇವತ್ತಿನವರೆಗೆ ಅಪ್ಪ, ಅಣ್ಣ ಇಬ್ಬರೂ ಇರುವ
ಕರ್ಸ್ಟಿ
ಕ್ರೇಗ್‌ವಿಕ್