ದಂಡೆಯ ಮೇಲೆ ಇಳಿಸಿದವರು

ಹಾಪುವಾ ಕಣಿವೆ, ನುಕುಹಿವಾ
೧೨ ಡಿಸೆಂಬರ್ ೧೮೬೩

ಪ್ರೀತಿಯ ತಂಗಿ ಹಿನಾತೆಗೆ,

ಪಪೀತೆಯಿಂದ ನೀನು ಬರೆದ ಎರಡು ಪತ್ರಗಳೂ ಕೈಸೇರಿ ತಿಂಗಳುಗಳಾದವು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಹೆಣ್ಣುಮಗು ಹುಟ್ಟಿದೆಯೆಂದು ಓದಿ, ಅಷ್ಟಾದರೂ ಇದೆಯಲ್ಲ ಎನಿಸಿತು.

ತಮ್ಮ ಕೊಹುಮೋ ಮರಳಿ ಬಂದ. ಹೋದ ವರ್ಷ ಪೆರುವಿನ ಹಡಗಿನವರು ಅವನನ್ನು ಕೂಲಿಗೆಂದು ಹೊತ್ತೊಯ್ದಿದ್ದರಲ್ಲ, ಅವರಿಂದ ಫ್ರೆಂಚರು ಬಿಡಿಸಿದರಂತೆ. ಆಗಸ್ಟ್‌ನಲ್ಲಿ ಒಂದು ಹಡಗು ಅವನನ್ನೂ ಇನ್ನೂ ಹದಿನಾಲ್ಕು ಜನರನ್ನೂ ದಂಡೆಗೆ ಇಳಿಸಿ, ಕುಡಿಯುವ ನೀರನ್ನೂ ತುಂಬಿಕೊಳ್ಳದೆ ಹೊರಟುಹೋಯಿತು. ಎಲ್ಲರ ಮೈತುಂಬ ಗುಳ್ಳೆ. ಭುಜದ ಹಚ್ಚೆ ನೋಡಿ ಅವನನ್ನು ಗುರುತಿಸಿದೆ.

ಊರು ದೂರ ನಿಂತಿತ್ತು. ಹೊಸ ಪಾದ್ರಿ ಓಡಿಬಂದರು. ಅವರಿಗೆ ಇನ್ನೂ ನಮ್ಮ ಮಾತು ಬರದು. ಊರಲ್ಲಿ ಫ್ರೆಂಚ್ ಬಲ್ಲವಳು ನಾನೊಬ್ಬಳೇ; ಅವರು ಹೇಳಿದ್ದನ್ನು ಎಂದಿನಂತೆ ನಾನೇ ಜನರಿಗೆ ತಿಳಿಸಿದೆ. ನಮ್ಮ ಹಿರಿಯ, ಸೋದರಮಾವ ಪುಹೇತಿ, "ಸರಿ, ನಮ್ಮ ಮಕ್ಕಳು ತಾನೆ. ಎತ್ಕೊಳ್ಳಿ, ಮನೆಗೆ ನಡೀರಿ" ಅಂದ.

ಅವ್ವ ಕೊಹುಮೋನಿಗೆ ದೀವಿಹಲಸಿನ ಹುಳಿಹಿಟ್ಟು ತಿನ್ನಿಸುತ್ತ, "ಏನೋ, ಬಿಳಿಯರ ಊಟ ಉಂಡು ಅವ್ವನ ಕೈರುಚಿ ಮರೆತ್ಯಾ?" ಎಂದು ಛೇಡಿಸಿದಳು. ಅವನು ನಕ್ಕ. ಐದನೆಯ ದಿನ ಹೋದ.

ಆಮೇಲೆ ಅವ್ವನಿಗೆ ಜ್ವರ. ನಂತರ ಮಾವನ ಮನೆ, ಅದರಾಚೆಯ ಮನೆ. ಮೈ ಉರಿ ತಾಳದೆ ಹೊಳೆಗಿಳಿದವರು ಅಲ್ಲೇ ಉಳಿದರು. ಹಿನಾತೆ, ಅವ್ವ ಇಲ್ಲ. ಮಾವನ ನಾಲ್ಕು ಮಕ್ಕಳಲ್ಲಿ ಒಬ್ಬರೂ ಇಲ್ಲ. ಇನ್ನೂರು ಜನರಿದ್ದ ಕಣಿವೆಯಲ್ಲಿ ಮೂವತ್ತೊಂದು ಜನ ಉಳಿದಿದ್ದೇವೆ. ನನಗೂ ಬಂತು, ಮುಖ ಹೋಯಿತು, ಜೀವ ಹೋಗಲಿಲ್ಲ.

ಇದೆಲ್ಲ ಪಾದ್ರಿ ಬೇಕೆಂದೇ ಮಾಡಿಸಿದ್ದು ಎನ್ನುತ್ತಾರೆ ಎಲ್ಲರೂ. ಮೊನ್ನೆ ಮಾವ ಚರ್ಚಿಗೆ ಬೆಂಕಿ ಇಟ್ಟ. "ಮೊದಲು ಹಚ್ಚೆ ಬೇಡ ಅಂದ್ರು, ಆಮೇಲೆ ಡೋಲು ಬೇಡ ಅಂದ್ರು. ಈಗ ನಾವೇ ಬೇಡ ಆದ್ವಿ" ಅಂದ. ಪಾದ್ರಿಯನ್ನು ಮರಕ್ಕೆ ಕಟ್ಟಿದ್ದಾರೆ. ನಾಳೆ ಕೊಲ್ಲುತ್ತಾರೆ. ಅದಾದ ಮೇಲೆ ಫ್ರೆಂಚರ ಬಂದೂಕುಗಳು ಬರುತ್ತವೆ, ಈ ಮೂವತ್ತೊಂದೂ ಉಳಿಯುವುದಿಲ್ಲ.

ನೀನು ಇತ್ತ ಬರಬೇಡ. ಮಗುವಿಗೆ ಅವ್ವನ ಹೆಸರಿಡು. ನಮ್ಮ ಹಿರಿಯರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಕ್ಕ,
ತಹಿಯಾವಾನಾ

ಮತ್ತೆ: ಅಂದು ದಂಡೆಯಲ್ಲಿ ಪಾದ್ರಿ ಹೇಳಿದ್ದು, "ಇದು ಸಿಡುಬು, ಯಾರೂ ಮುಟ್ಟಬೇಡಿ. ಇಲ್ಲೇ ಗುಡಿಸಲು ಹಾಕಿ, ಆರೈಕೆ ನಾನು ಮಾಡ್ತೀನಿ" ಎಂದು. ಕೊಹುಮೋ ನನ್ನತ್ತ ಕೈ ಚಾಚಿದ್ದ. ನಾನು ಜನರಿಗೆ, "ಹೆದರಬೇಡಿ, ಮನೆಗೆ ಕರ್ಕೊಂಡು ಹೋಗಿ ಅಂತಿದಾರೆ" ಅಂದೆ. ಇಂದು ಪಾದ್ರಿ, "ಮುಟ್ಟಬೇಡಿ ಅಂತ ನಾನು ಅವತ್ತೇ ಹೇಳಿದ್ದೆ" ಎಂದು ಕೂಗಿ ಕೂಗಿ ಹೇಳುತ್ತಿದ್ದರು. ಏನಂತಾನೆ ಅವನು ಎಂದು ಮಾವ ನನ್ನನ್ನು ಕೇಳಿದ. ಪ್ರಾರ್ಥನೆ ಮಾಡ್ತಿದಾನೆ ಅಂದೆ.